ಮಂಗಳೂರಿಗೆ ಹನ್ನೆರಡು ಮಂದಿ

ಚನ್ನಗಿರಿ
9 ನವೆಂಬರ್ 1983

ಅಕ್ಕಾ,

ನಿನ್ನ ಬಸ್ಸು ಹೊರಟ ಮೇಲೂ ನಾನು ಸ್ವಲ್ಪ ಹೊತ್ತು ಸ್ಟ್ಯಾಂಡಿನಲ್ಲೇ ನಿಂತಿದ್ದೆ. ನೀನು ಕಿಟಕಿಗೆ ತಲೆ ಆನಿಸಿದ್ದು ಕಾಣಿಸಿತು. ಬಸ್ಸು ತಿರುವು ದಾಟುವುದರೊಳಗೆ ನಿದ್ದೆ ಹೋಗಿದ್ದೆಯೇನೋ. ಹಬ್ಬಕ್ಕೆಂದು ತವರಿಗೆ ಬಂದವಳು ಎರಡು ದಿನವೂ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ನಿನ್ನ ಮಕ್ಕಳು ಕರೆದರು, ಅಮ್ಮ ಕರೆದಳು, ಹೋಳಿಗೆ ಕೇಳಲು ಪಕ್ಕದ ಮನೆಯವರೂ ನಿನ್ನನ್ನೇ ಕರೆದರು. ನಿನಗೆ ಹೇಳಬೇಕೆಂದು ವರ್ಷದಿಂದ ಕೂಡಿಟ್ಟುಕೊಂಡ ಮಾತೆಲ್ಲ ನನ್ನಲ್ಲೇ ಉಳಿಯಿತು.

ಬಸ್ಸು ಹತ್ತುವಾಗ ನೀನು ಅಂದದ್ದು ನೆನಪಿದೆಯಾ? "ಮೂರು ದಿನ ಸುಮ್ನೆ ಕೂತ್ಕಬೇಕು ಅನ್ಸುತ್ತೆ ರುದ್ರಿ. ಎಲ್ಲಾದ್ರೂ ಸರಿ." ನಗುತ್ತಲೇ ಅಂದೆ. ಆದರೆ ಮದುವೆಯಾಗಿ ಜಗಳೂರಿಗೆ ಹೋದ ಮೇಲೆ ನೀನು ಬಾಯಿ ಬಿಟ್ಟು ಬೇಕು ಎಂದದ್ದು ಇದೊಂದನ್ನೇ. ಅಂದಿನಿಂದ ನನಗೆ ಬೇರೆ ಯೋಚನೆಯಿಲ್ಲ.

ಮಂಗಳೂರಿಗೆ ಹೋಗೋಣ. ನೀನು, ನಾನು, ಇಬ್ಬರೇ. ಬಿ.ಎ.ಯಲ್ಲಿ ನಮಗೆ ಇತಿಹಾಸ ಹೇಳುತ್ತಿದ್ದ ಮೇಷ್ಟ್ರು ಆ ಕಡೆಯವರು. ಅರಬರ ಹಡಗು ಬರುತ್ತಿದ್ದ ಹಳೇ ಬಂದರು, ಹೆಂಚಿನ ಕಾರ್ಖಾನೆಗಳು, ನದಿ ಸಮುದ್ರ ಸೇರುವ ಕಡೆ ಟಿಪ್ಪು ಕಟ್ಟಿಸಿದ ಕಾವಲು ಗೋಪುರ, ಇವನ್ನೆಲ್ಲ ಅವರು ಪಾಠ ಬಿಟ್ಟು ಹೇಳುತ್ತಿದ್ದರು. ನೋಡುವುದಾದರೆ ನೋಡೋಣ, ಇಲ್ಲದಿದ್ದರೆ ಇಲ್ಲ. ಸಮುದ್ರದ ಎದುರು ಕೂತವರನ್ನು ಯಾರೂ ಎಬ್ಬಿಸಿ ಕೆಲಸ ಹೇಳುವುದಿಲ್ಲವಂತೆ.

ಲೆಕ್ಕ ಹಾಕಿದ್ದೇನೆ. ಚನ್ನಗಿರಿಯಿಂದ ಶಿವಮೊಗ್ಗ, ಅಲ್ಲಿಂದ ಆಗುಂಬೆ ಘಾಟಿಯಲ್ಲಿ ಇಳಿದು ಮಂಗಳೂರು, ಇಬ್ಬರಿಗೂ ಹೋಗಿಬರಲು ನೂರಾ ಹದಿನಾರು ರೂಪಾಯಿ. ನಿನ್ನ ಜಗಳೂರಿನ ಬಸ್ಸಿಗೆ ಇಪ್ಪತ್ನಾಲ್ಕು. ಲಾಡ್ಜಿಗೆ ಎರಡು ರಾತ್ರಿಗೆ ಐವತ್ತು. ಊಟ ತಿಂಡಿಗೆ ಅರವತ್ತು. ಒಟ್ಟು ಇನ್ನೂರೈವತ್ತು. ಶಾಲೆಯಲ್ಲಿ ನನಗೆ ಕೊಡುವುದು ತಿಂಗಳಿಗೆ ನೂರಾ ಇಪ್ಪತ್ತೇ ಆದರೂ ಇಷ್ಟು ಉಳಿದಿದೆ. ನೀನು ಒಂದು ಪೈಸೆ ತರಬೇಡ. ಜನವರಿ ಇಪ್ಪತ್ತಾರು ಗುರುವಾರ, ಶಾಲೆಗೆ ರಜೆ. ಶುಕ್ರವಾರ ಶನಿವಾರ ನಾನು ರಜೆ ಹಾಕುತ್ತೇನೆ. ಅಷ್ಟರೊಳಗೆ ನಿಮ್ಮ ಸುಗ್ಗಿಯೂ ಮುಗಿದಿರುತ್ತದೆ.

ಅಮ್ಮ ಒಪ್ಪಿದ್ದಾಳೆ. ಅಪ್ಪ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ.

ನಿನ್ನ
ರುದ್ರಾಣಿ


ಜಗಳೂರು
24 ನವೆಂಬರ್ 1983

ರುದ್ರಿ,

ಕಾಗದ ಬಂದು ಒಂದು ವಾರವಾಯಿತು. ಕೂತು ಬರೆಯಲು ಇವತ್ತು ಹೊತ್ತು ಸಿಕ್ಕಿತು. ಶೇಂಗಾ ಕಿತ್ತು ಮುಗಿಯಿತು, ಜೋಳ ಇನ್ನೂ ನಿಂತಿದೆ. ಆಳುಗಳಿಗೆ ಬುತ್ತಿ ಕಟ್ಟುವುದೇ ಕೆಲಸ.

ಬರುತ್ತೇನೆ. ಮಂಗಳೂರಾದರೆ ಮಂಗಳೂರು. ಕಾಗದ ಓದಿದ ದಿನ ಹಿಟ್ಟು ನಾದುತ್ತ ಅದನ್ನೇ ಯೋಚಿಸಿದೆ. ಸಮುದ್ರ ಹೇಗಿರುತ್ತದೆ ಎಂದು ಅಲ್ಲ. ಲಾಡ್ಜಿನಲ್ಲಿ ಬೆಳಿಗ್ಗೆ ಏಳುವಾಗ ಕಸಬರಿಗೆ ಹುಡುಕಬೇಕಾಗಿಲ್ಲ ಎಂದು.

ಇವರಿಗೆ ಹೇಳಿದೆ. ಪೇಟೆಯಿಂದ ಬಂದು ಕಾಲು ತೊಳೆಯುತ್ತಿದ್ದರು, ನೋಡಾನ ಅಂದರು. ಅದು ಒಪ್ಪಿಗೆ ಎಂದೇ ತಿಳಿದುಕೊಂಡಿದ್ದೇನೆ. ಅತ್ತೆಗೂ ಹೇಳಿದೆ. ದೊಡ್ಡವರಿಗೆ ಹೋಗಿ ಬರುತ್ತೇನೆ ಎನ್ನುವ ಮುಂಚೆ ನೀವೂ ಬರ್ರಿ ಅನ್ನಬೇಕಲ್ಲ, ಅಂದೆ. ಅವರು ಮೊಣಕಾಲು ತಿಕ್ಕಿಕೊಳ್ಳುತ್ತ, "ನಾನೆಲ್ಲಿ ಬರಾಕೆ ಆಗುತ್ತವ್ವ, ಬಾಗಿಲಿಗೆ ಹೋಗಿ ಬರಾದೇ ದೊಡ್ಡದು" ಅಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಊಟಕ್ಕೆ ಅರವತ್ತು ಜಾಸ್ತಿಯಾಯಿತು. ರೊಟ್ಟಿ ಶೇಂಗಾಚಟ್ನಿ ನಾನು ತರುತ್ತೇನೆ. ಉಳಿದ ದುಡ್ಡಿನಲ್ಲಿ ಇನ್ನೊಂದು ರಾತ್ರಿ ಇರಲು ಆಗುತ್ತದೆಯೇ ನೋಡು.

ಪ್ರೇಮಾ


ಚನ್ನಗಿರಿ
4 ಡಿಸೆಂಬರ್ 1983

ಅಕ್ಕಾ,

ಇನ್ನೊಂದು ರಾತ್ರಿ ಎಂದು ನೀನು ಬರೆದದ್ದನ್ನು ಓದಿ ನನಗಾದ ಸಂತೋಷ ನಾಲ್ಕು ದಿನವೂ ಉಳಿಯಲಿಲ್ಲ. ಒಂದು ಎಡವಟ್ಟು ಮಾಡಿಬಿಟ್ಟಿದ್ದೇನೆ.

ಹೊನ್ನಾಳಿಯ ನಾಗರಾಜಪ್ಪ ಮಾವ ಅಡಿಕೆ ಚೀಲ ಹೇರಿಕೊಂಡು ಇಲ್ಲಿಯ ಮಂಡಿಗೆ ಬಂದಿದ್ದ. ವ್ಯಾಪಾರ ಮುಗಿಸಿ ಮಧ್ಯಾಹ್ನ ಮನೆಗೆ ಊಟಕ್ಕೆ ಬಂದ. ಅಮ್ಮ ನನಗೆ ಕಣ್ಣಲ್ಲೇ ಸನ್ನೆ ಮಾಡಿದಳು. ಒಡಹುಟ್ಟಿದ ತಮ್ಮನಿಗೆ ಹೇಳದೆ ಮಗಳನ್ನು ಕಳಿಸಿದಳು ಎಂದು ನಾಳೆ ಮಾತು ಬರಬಾರದಲ್ಲ. ನಾನು ಮಜ್ಜಿಗೆ ಬಡಿಸುತ್ತ ಮೆಲ್ಲಗೆ ಹೇಳಿದೆ, ನಾನೂ ಅಕ್ಕನೂ ಮಂಗಳೂರಿಗೆ ಹೋಗಿ ಬರ್ತೀವಿ ಮಾವ, ನೀವೂ ಬರ್ರಿ ಎಂದು.

ಈ ಮಾತಿಗೆ ಯಾರು ಏನು ಹೇಳುತ್ತಾರೆ ಎಂಬುದು ನಿನಗೂ ಗೊತ್ತು. ಇರಲಿ ಬಿಡು ಅನ್ನುತ್ತಾರೆ, ಹುಷಾರಾಗಿ ಹೋಗಿ ಬರ್ರಿ ಅನ್ನುತ್ತಾರೆ. ಮಾವ ಅನ್ನ ಕಲೆಸುವುದನ್ನು ನಿಲ್ಲಿಸಿ, "ಯಾವಾಗ?" ಅಂದ.

ದಿನಾಂಕವನ್ನು ಅಮ್ಮನೇ ಹೇಳಿದಳು.

ಆಮೇಲೆ ಮಾವ ಅಪ್ಪನ ಕಡೆ ತಿರುಗಿ, "ಅಲ್ಲ ಭಾವ, ಇಬ್ಬರೇ ಹೆಣ್ಮಕ್ಳು ಲಾಡ್ಜಿನಾಗೆ ಇರಾಕೆ ನೀವು ಹೆಂಗೆ ಒಪ್ಪಿದ್ರಿ?" ಎಂದು ಕೇಳಿದ. ಅಪ್ಪ, ನಾನೆಲ್ಲಿ ಒಪ್ಪಿದೆ ಎನ್ನುತ್ತ ಎದ್ದು ಕೈ ತೊಳೆಯಲು ಹೋದರು. ಮಾವನಿಗೆ ಕೆಟ್ಟ ಬುದ್ಧಿ ಇಲ್ಲ, ಅಕ್ಕ. ಅವನೂ ಸಮುದ್ರ ನೋಡಿಲ್ಲ. ಹೊರಡುವಾಗ ನನ್ನ ತಲೆ ಸವರಿ, ಚಲೋ ಯೋಚನೆ ಮಾಡಿದೆ ಹುಡುಗಿ, ನಮಗ್ಯಾರಿಗೂ ಹೊಳೆದಿರಲಿಲ್ಲ ಎಂದ.

ಒಬ್ಬನೇ ಬಂದರೆ ತೊಂದರೆಯಿಲ್ಲ. ಅವನು ಊರು ಸುತ್ತುವ ಹೊತ್ತಿಗೆ ನಾವು ದಡದಲ್ಲಿ ಕೂತಿರಬಹುದು. ನೀನು ಬೇಸರ ಮಾಡಿಕೊಳ್ಳಬೇಡ.

ರುದ್ರಾಣಿ


ಜಗಳೂರು
15 ಡಿಸೆಂಬರ್ 1983

ರುದ್ರಿ,

ಮಾವ ಒಬ್ಬನೇ ಬರುವುದಿಲ್ಲ. ಅವನ ಮನೆಯ ನಾಲ್ವರೂ ಬರುತ್ತಾರಂತೆ. ಹೊನ್ನಾಳಿಯಿಂದ ಇಲ್ಲಿಗೆ ಬೀಜದ ಭತ್ತ ತಂದವರು ನಮ್ಮತ್ತೆಗೆ ಹೇಳಿ ಹೋದರು. ನಿನಗೆ ತಿಳಿಯುವ ಮುಂಚೆ ನಮಗೆ ತಿಳಿಯಿತು.

ಅದನ್ನು ಕೇಳಿದ ಅತ್ತೆ ಸಂಜೆ, "ಬೀಗರ ಮನೆಯೋರೆಲ್ಲ ಹೊಂಟ್ರು. ನಾನು ಬ್ಯಾಡ ಅಂದಿದ್ದು ನೀನೊಬ್ಬಳೇ ಹೋಗ್ತೀಯ ಅಂತ" ಅಂದರು. ಮೊಣಕಾಲು ಈಗ ಪರವಾಗಿಲ್ಲ. ನಿನ್ನೆ ಹಿತ್ತಲವರೆಗೆ ಎರಡು ಸಲ ನಡೆದು ತೋರಿಸಿದರು. ಅಜ್ಜಿ ಹೊರಟಮೇಲೆ ಮಕ್ಕಳನ್ನು ಬಿಡುವುದು ಹೇಗೆ? ಅವರೂ ಬರುತ್ತಾರೆ.

ನೀನು ಬೇಸರ ಮಾಡಿಕೊಳ್ಳಬೇಡ ಎಂದು ಬರೆದಿದ್ದೀಯ. ನಾನು ಮಾಡಿಕೊಂಡಿಲ್ಲ. ಅಷ್ಟು ಪುರಸೊತ್ತು ಇಲ್ಲ. ಎಮ್ಮೆ ಗಬ್ಬವಾಗಿದೆ, ಸಂಕ್ರಾಂತಿ ಹೊತ್ತಿಗೆ ಈಯಬಹುದು.

ಪ್ರೇಮಾ


ಚನ್ನಗಿರಿ
28 ಡಿಸೆಂಬರ್ 1983

ಅಕ್ಕಾ,

ಈಗ ನಾವು ಹದಿಮೂರು ಜನ.

ಮಾವನ ಹೆಂಡತಿಯ ಅಕ್ಕ, ನ್ಯಾಮತಿಯ ಉಡಚಮ್ಮ, ಅವರಿಗೂ ಯಾರೋ ನೀವೂ ಬರ್ರಿ ಅಂದರಂತೆ. ಅಪ್ಪ ಅಮ್ಮ ಯಾವಾಗ ಸೇರಿಕೊಂಡರು ಎಂದು ನನಗೇ ತಿಳಿಯಲಿಲ್ಲ. ಒಂದು ದಿನ ಅಪ್ಪ ಹಾಸಿಗೆ ಸುತ್ತುವ ಹಳೇ ಹೋಲ್ಡಾಲು ಬಿಸಿಲಿಗೆ ಹಾಕುತ್ತಿದ್ದರು. ನಿನ್ನ ಕಾಗದದಲ್ಲಿ ಭಾವ ಬರುವ ಮಾತಿರಲಿಲ್ಲ. ಆದರೆ ಮೊನ್ನೆ ದಾವಣಗೆರೆಯಲ್ಲಿ ಅಪ್ಪನಿಗೆ ಸಿಕ್ಕಿ ಬರುತ್ತೇನೆ ಎಂದರಂತೆ. ಅವರನ್ನು ಕರೆದವರು ಯಾರೋ.

ಇಲ್ಲಿ ಜಂಪಣ್ಣ ಎಂಬುವವನದು ಒಂದು ಮೆಟಡಾರ್ ವ್ಯಾನ್ ಇದೆ. ಎಲ್ಲಾ ಸೇರಿ ಸಾವಿರದ ನೂರು ಕೇಳಿದ್ದಾನೆ. ನಾಲ್ಕು ಮಕ್ಕಳಿಗೆ ಅರ್ಧರ್ಧ ಹಿಡಿದು ಹನ್ನೊಂದು ಪಾಲು, ತಲೆಗೆ ನೂರು. ಮಾವ ನನ್ನ ಲೆಕ್ಕದ ಹಾಳೆಯನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದ. "ಬಿ.ಎ. ಓದಿದೋಳ ಲೆಕ್ಕ ನೋಡ್ರಿ. ಒಂದೂರು ನೋಡಾಕೆ ನೂರಾ ಇಪ್ಪತ್ತೈದು. ನಾನು ನೂರು ರೂಪಾಯಿಗೆ ಐದು ಕ್ಷೇತ್ರ ತೋರಿಸ್ತೀನಿ." ಎಲ್ಲರೂ ನಕ್ಕರು. ನಾನೂ ನಕ್ಕೆ.

ಮೊದಲ ದಿನ ಉಡುಪಿ. ಎರಡನೇ ದಿನ ಮಂಗಳೂರಲ್ಲಿ ಕದ್ರಿ, ಮಂಗಳಾದೇವಿ ಮುಗಿಸಿ ಸಂಜೆಗೆ ಧರ್ಮಸ್ಥಳ. ಮೂರನೇ ದಿನ ಸುಬ್ರಹ್ಮಣ್ಯ. ನಾಲ್ಕನೇ ದಿನ ಚಾರ್ಮಾಡಿ ಘಾಟಿ ಹತ್ತಿ ವಾಪಸ್ಸು. ಸಮುದ್ರ ಎಲ್ಲಿ ಎಂದು ಕೇಳಿದೆ. ದಾರೀಲೇ ಸಿಗುತ್ತೆ ಬಿಡು, ಅದೇನು ಓಡಿ ಹೋಗುತ್ತಾ ಎಂದ. ಲಾಡ್ಜು ಹೋಗಿ ಛತ್ರ ಬಂದಿದೆ. ಆ ಕಡೆಯ ಹೋಟೆಲುಗಳ ಮೇಲೆ ಯಾರಿಗೂ ನಂಬಿಕೆಯಿಲ್ಲ. ಮೀನು ಬೆಂದ ಪಾತ್ರೆಯಲ್ಲೇ ನಮಗೂ ಅನ್ನ ಬೇಯಿಸುತ್ತಾರೆ ಎಂದು ಉಡಚಮ್ಮ ಹೇಳುತ್ತಾರೆ. ಅದಕ್ಕೆ ಸ್ಟವ್ ಬರುತ್ತದೆ, ಅಕ್ಕಿ ಬೇಳೆ ಬರುತ್ತದೆ. ಒಣಗಿಸಿಟ್ಟರೆ ಕೆಡದ ಕಟಿ ರೊಟ್ಟಿ ನಿನ್ನಷ್ಟು ತೆಳ್ಳಗೆ ಯಾರೂ ಬಡಿಯುವುದಿಲ್ಲವೆಂದು ಆ ಕೆಲಸವನ್ನು ನಿನಗೇ ಹೇಳಿ ಬರೆಯಲು ಅಮ್ಮ ಹೇಳಿದ್ದಾಳೆ. ನೂರೈವತ್ತು ರೊಟ್ಟಿ. ಬರೆಯಲು ನನಗೆ ನಾಚಿಕೆಯಾಗುತ್ತಿದೆ.

ಅಕ್ಕ, ನಾನು ಒಂದು ಯೋಚನೆ ಮಾಡಿದ್ದೇನೆ. ಮಂಗಳೂರಿನ ದಿನ ಎಲ್ಲರೂ ದೇವಸ್ಥಾನದಲ್ಲಿರುವಾಗ ನಾನು ನಿನಗೆ ತಲೆನೋವು ಎಂದು ಹೇಳುತ್ತೇನೆ. ಇಬ್ಬರೂ ಹಿಂದೆ ಉಳಿದು ಟೌನ್ ಬಸ್ಸಿನಲ್ಲಿ ಕಡಲಿಗೆ ಹೋಗಿ ಎರಡು ಗಂಟೆ ಕೂತು ಬರೋಣ. ಮೂರು ದಿನ ಹೋಗಿ ಎರಡು ಗಂಟೆ ಉಳಿದಿದೆ. ಅದನ್ನಾದರೂ ಬಿಡುವುದು ಬೇಡ.

ರುದ್ರಾಣಿ


ಜಗಳೂರು
16 ಜನವರಿ 1984

ರುದ್ರಿ,

ರೊಟ್ಟಿ ಬಡಿದು ಮುಗಿಯಿತು. ನೂರ ಅರವತ್ತಾಗಿದೆ. ಪಂಚೆಯಲ್ಲಿ ಕಟ್ಟಿ ಬುಟ್ಟಿಯಲ್ಲಿಟ್ಟಿದ್ದೇನೆ, ಬಸ್ಸಿನಲ್ಲಿ ಮೇಲೆ ಏನೂ ಹೇರದಂತೆ ನೋಡಿಕೊಳ್ಳಲು ಇವರಿಗೆ ಹೇಳುತ್ತೇನೆ.

ಸಂಕ್ರಾಂತಿಯ ಮಾರನೇ ದಿನ ಎಮ್ಮೆ ಈಯಿತು. ಹೆಣ್ಣು ಕರು. ಅದು ನನ್ನ ಕೈಗೆ ಬಿಟ್ಟು ಬೇರೆಯವರಿಗೆ ಹಾಲು ಕೊಡುವುದಿಲ್ಲ, ನಿನಗೆ ಗೊತ್ತು. ದೇವರ ಮುಂದೆ ದೀಪ ಹಚ್ಚುವವರೂ ಒಬ್ಬರು ಬೇಕು. ನಾನು ಬರುವುದಿಲ್ಲ.

ಅತ್ತೆ, ಇವರು, ಮಕ್ಕಳು ಇಪ್ಪತ್ತೈದನೇ ತಾರೀಖು ಸಂಜೆ ಚನ್ನಗಿರಿಗೆ ಬರುತ್ತಾರೆ. ಅತ್ತೆಗೆ ರಾತ್ರಿ ಮಲಗುವ ಮುಂಚೆ ಮೊಣಕಾಲಿಗೆ ಹರಳೆಣ್ಣೆ ಹಚ್ಚಬೇಕು. ಬಿಸಿನೀರಿಲ್ಲದೆ ಸ್ನಾನ ಮಾಡುವುದಿಲ್ಲ. ಸಣ್ಣವನಿಗೆ ವ್ಯಾನಿನಲ್ಲಿ ವಾಂತಿ ಬರಬಹುದು, ನಿಂಬೆಹಣ್ಣು ಇಟ್ಟುಕೋ.

ಪ್ರೇಮಾ


ಚನ್ನಗಿರಿ
19 ಜನವರಿ 1984

ಅಕ್ಕಾ,

ನೀನು ಬರದಿದ್ದರೆ ನಾನೂ ಹೋಗುವುದಿಲ್ಲ.

ಯಾರಿಗಾಗಿ ಮಾಡಿದ್ದು ಇದೆಲ್ಲ? ಒಂದು ಎಮ್ಮೆಗಾಗಿ ನಿನ್ನೊಬ್ಬಳನ್ನು ಬಿಟ್ಟು ಊರೆಲ್ಲ ಹೊರಡುತ್ತಿದೆ, ಅದೂ ನೀನು ಬಡಿದ ರೊಟ್ಟಿ ಕಟ್ಟಿಕೊಂಡು. ಅಮ್ಮನಿಗೆ ಹೇಳಿದೆ. ಹೌದು ಪಾಪ ಅಂದಳು, ಆಮೇಲೆ ಚಟ್ನಿಪುಡಿ ಎಷ್ಟು ಮಾಡಲಿ ಅಂದಳು. ಅಪ್ಪ ಜಂಪಣ್ಣನಿಗೆ ಇನ್ನೂರು ಮುಂಗಡ ಕೊಟ್ಟಾಗಿದೆಯಂತೆ. ಎಲ್ಲರ ಎದುರು ನಿಂತು ಇದು ಸರಿಯಲ್ಲ ಎನ್ನಬೇಕು. ನಿಂತೂ ನೋಡಿದೆ. ಮಾವ ನನ್ನ ಮುಖ ನೋಡಿ, ಏನವ್ವ ಎಂದ. ಏನಿಲ್ಲ ಎಂದೆ.

ಭಾವನಿಗೆ ನಾನೇ ಕಾಗದ ಹಾಕಲೇ?

ರುದ್ರಾಣಿ


ಜಗಳೂರು
22 ಜನವರಿ 1984

ರುದ್ರಿ,

ಅವರಿಗೆ ಕಾಗದ ಹಾಕಬೇಡ. ನೀನು ಹೋಗಲೇಬೇಕು. ನೀನಿಲ್ಲದಿದ್ದರೆ ಅತ್ತೆ ವ್ಯಾನು ಹತ್ತುವುದಿಲ್ಲ, ಅವರು ಉಳಿದರೆ ಮಕ್ಕಳೂ ಉಳಿಯುತ್ತಾರೆ. ನನ್ನ ಮೇಲೆ ಪ್ರೀತಿಯಿದ್ದರೆ ಹೋಗು.

ಪ್ರೇಮಾ


ಚನ್ನಗಿರಿ
1 ಫೆಬ್ರವರಿ 1984

ಅಕ್ಕಾ,

ಎಲ್ಲರೂ ಕ್ಷೇಮವಾಗಿ ಬಂದು ಸೇರಿದ್ದಾರೆ ಎಂದು ಭಾವನ ಕಾರ್ಡು ಬಂತು. ನನಗೆ ಎರಡು ದಿನ ಜ್ವರವಿತ್ತು. ಇವತ್ತು ಎದ್ದು ಕೂತಿದ್ದೇನೆ. ನಡೆದದ್ದನ್ನೆಲ್ಲ ನಿನಗೆ ಹೇಳಬೇಕು.

ನಿನ್ನ ಜಾಗದಲ್ಲಿ ವ್ಯಾನಿನಲ್ಲಿ ಅಕ್ಕಿ ಚೀಲ ಕೂತಿತ್ತು. ಆಗುಂಬೆಯ ತಿರುವುಗಳಲ್ಲಿ ಸಣ್ಣವನು ನನ್ನ ಸೀರೆಯ ಮೇಲೇ ಕಾರಿಕೊಂಡ. ನಿಂಬೆಹಣ್ಣು ಚೀಲದ ತಳದಲ್ಲೆಲ್ಲೋ ಇತ್ತು. ಉಡುಪಿಯ ಛತ್ರದಲ್ಲಿ ಹೆಂಗಸರೆಲ್ಲ ಕಾಲು ಚಾಚಿದರು. ಸ್ಟವ್ ಹಚ್ಚುವವರು ಯಾರು ಎಂದು ಯಾರೂ ಕೇಳಲಿಲ್ಲ, ಅದು ನನ್ನ ಮುಂದೆಯೇ ಇತ್ತು, ನಾನು ಹಚ್ಚಿದೆ. ಅಮ್ಮ ಮೊದಲು ಜೊತೆಗೆ ಕೂತಳು. ಆಮೇಲೆ ಬೆನ್ನು ನೋವು ಎಂದು ಒರಗಿದಳು. ಅವಳಿಗೂ ಇದು ಮೊದಲ ಪ್ರವಾಸ. ಎಬ್ಬಿಸಲು ಮನಸ್ಸು ಬರಲಿಲ್ಲ.

ನಿಮ್ಮತ್ತೆ ಮೊದಲ ದಿನವೇ ಬಾಯಿತಪ್ಪಿ ನನ್ನನ್ನು ಪ್ರೇಮಾ ಎಂದು ಕರೆದರು. ಎಲ್ಲರೂ ನಕ್ಕರು. ಎರಡನೇ ದಿನ ಯಾರೂ ನಗಲಿಲ್ಲ. ಪ್ರೇಮಾ ನೀರು, ಪ್ರೇಮಾ ಎಣ್ಣೆ, ಪ್ರೇಮಾ ನನ್ನ ಚಪ್ಲಿ ಎಲ್ಲಿ. ಮೂರನೇ ದಿನ ಮಾವನ ಮಗಳೂ ಪ್ರೇಮಕ್ಕಾ ಎಂದಳು. ನಾನು ತಿದ್ದುವುದನ್ನು ಬಿಟ್ಟು ಓಗೊಡುತ್ತಿದ್ದೆ. ಓಗೊಡುವುದೇ ಸುಲಭ. ಕರೆಯುವ ಮುಂಚೆಯೇ ಏಳುವುದು ಇನ್ನೂ ಸುಲಭ ಎಂದು ಆಮೇಲೆ ತಿಳಿಯಿತು. ಸುಬ್ರಹ್ಮಣ್ಯದಲ್ಲಿ ಉಡಚಮ್ಮ ಯಾರಿಗೋ ಹೇಳುತ್ತಿದ್ದುದು ಕೇಳಿಸಿತು, "ಹುಡುಗಿ ಮೂರು ದಿನದಾಗೆ ಒಂದು ಸೊಲ್ಲು ಎತ್ತಿಲ್ಲ, ಹಿಂಗಿರಬೇಕು ನೋಡು." ಅವರ ಮೈದುನನ ಮಗನಿಗೆ ಹೆಣ್ಣು ಹುಡುಕುತ್ತಿದ್ದಾರಂತೆ.

ಮಂಗಳೂರು ನಾನು ನೋಡಿದ್ದು ವ್ಯಾನಿನ ಹಿಂದಿನ ಗಾಜಿನಿಂದ. ಏರು, ಇಳಿಜಾರು, ಕೆಂಪು ಹೆಂಚಿನ ಮಾಡುಗಳು, ಬೆವರು. ಗೋಪುರದ ಕಡೆ ಹೋಗೋಣವೇ ಎಂದು ಕೇಳಿದೆ. ಜಂಪಣ್ಣ, ಅದು ಬರೇ ಕಲ್ಲು ಕಣವ್ವ, ಮ್ಯಾಲೆ ದೇವ್ರೂ ಇಲ್ಲ ಎಂದ. ಮಂಗಳಾದೇವಿಯಲ್ಲಿ ಹಣ್ಣುಕಾಯಿ ಸಾಲು ಉದ್ದವಿತ್ತು. ಎಲ್ಲ ಮುಗಿಯುವಾಗ ನಾಲ್ಕೂವರೆ. ಕತ್ತಲಾದ ಮೇಲೆ ಓಡಿಸಲು ಆಗುವುದಿಲ್ಲ, ಅರ್ಧ ಗಂಟೆ ಅಷ್ಟೇ ಎಂದು ಹೇಳಿ ಅವನು ಪಣಂಬೂರಿನ ದಡದಲ್ಲಿ ನಿಲ್ಲಿಸಿದ.

ಮಾವ ಪಂಚೆ ಎತ್ತಿ ಕಟ್ಟಿ ನೀರಿಗೆ ಓಡಿದ. ಅಪ್ಪ ದೂರದಲ್ಲೇ ನಿಂತು ಕೈಮುಗಿದರು. ನಿಮ್ಮತ್ತೆ ಒಂದು ಬೊಗಸೆ ಬಾಯಿಗೆ ಹಾಕಿಕೊಂಡು ಉಗುಳಿ, "ಇಷ್ಟು ನೀರಿಟ್ಕೊಂಡು ಒಂದು ತಂಬಿಗೆ ಕುಡಿಯಾಕೆ ಕೊಡಲ್ಲ ಅಂದ್ರೆ, ಇದೆಂಥ ಜಿಪುಣ ಇರಬೇಕು" ಎಂದರು. ಭಾವ ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಅಷ್ಟರಲ್ಲಿ ಅಲೆ ಹಿಂದೆ ಸರಿದು ನಿಮ್ಮತ್ತೆಯ ಕಾಲ ಕೆಳಗಿನ ಮರಳು ಜಾರಿತು. ನನ್ನ ಕೈ ಹಿಡಿದುಕೊಂಡರು. "ಪ್ರೇಮಾ, ಕೈ ಬಿಡಬ್ಯಾಡ" ಎಂದರು. ಎಷ್ಟು ಗಟ್ಟಿ ಹಿಡಿದಿದ್ದರು ಎಂದರೆ ಬಳೆ ಒತ್ತಿ ಗೆರೆ ಮೂಡಿತ್ತು. ಅಲೆ ಬಂದಾಗ ಮಗುವಿನ ಹಾಗೆ ನಗುತ್ತಿದ್ದರು, ಹೋದಾಗ ಹೆದರುತ್ತಿದ್ದರು. ಜಂಪಣ್ಣ ಹಾರ್ನ್ ಹಾಕುವವರೆಗೂ ನಾನು ಹಾಗೇ ನಿಂತಿದ್ದೆ. ಕೂರಲಿಲ್ಲ.

ನೀನು ಇದನ್ನು ಹನ್ನೊಂದು ವರ್ಷ ಹೇಗೆ ಮಾಡಿದೆ? ನನಗೆ ನಾಲ್ಕು ದಿನಕ್ಕೆ ಮೈಯೆಲ್ಲ ಸೋತಿತು. ಅದಕ್ಕಿಂತ ಹೆಚ್ಚಾಗಿ ಯೋಚನೆ ಸೋತಿತು. ಒಂದು ಸಾಲು ಬರೆದಿಡಬೇಕು ಎಂದು ಪೆನ್ನು ತೆಗೆದುಕೊಂಡು ಹೋಗಿದ್ದೆ, ಮುಚ್ಚಳ ತೆಗೆಯಲಿಲ್ಲ.

ಆ ಹೊತ್ತಿಗೆ ನೀನು ಎಮ್ಮೆಯ ಮುಂದೆ ಕುಕ್ಕರಗಾಲಲ್ಲಿ ಕೂತಿರುತ್ತೀಯ ಎಂದು ನೆನೆದು ಅಳು ಬಂತು. ಎಲ್ಲ ನನ್ನಿಂದಲೇ ಕೆಟ್ಟದ್ದು. ಮಾವನಿಗೆ ಆ ಒಂದು ಮಾತು ಹೇಳದೇ ಇದ್ದಿದ್ದರೆ.

ಬರೆಯುತ್ತೀಯಲ್ಲ?

ರುದ್ರಾಣಿ


ಚನ್ನಗಿರಿ
26 ಫೆಬ್ರವರಿ 1984

ಅಕ್ಕಾ,

ನನ್ನ ಕಾಗದ ತಲುಪಲಿಲ್ಲವೋ, ನನ್ನ ಮೇಲೆ ಸಿಟ್ಟೋ? ದಿನಾ ಹನ್ನೊಂದಕ್ಕೆ ಪೋಸ್ಟ್‌ಮ್ಯಾನ್ ನಮ್ಮ ಶಾಲೆಯ ಮುಂದೆ ಸೈಕಲ್ ತುಳಿದುಕೊಂಡು ಹೋಗುತ್ತಾನೆ. ಮಕ್ಕಳಿಗೆ ಕಾಗುಣಿತ ಹೇಳುತ್ತಿದ್ದರೂ ಕಿವಿ ಆ ಕಡೆಗೇ ಇರುತ್ತದೆ.

ಸಿಟ್ಟಾದರೆ ಬೈದು ಬರೆ. ನನ್ನ ದುಡ್ಡಿನಲ್ಲಿ ನೂರೈವತ್ತು ಹಾಗೇ ಇದೆ. ಇನ್ನು ನಾಲ್ಕು ತಿಂಗಳು ಕೂಡಿಸಿದರೆ ಮತ್ತೆ ಇನ್ನೂರೈವತ್ತಾಗುತ್ತದೆ. ಈ ಸಲ ಯಾರಿಗೂ ಹೇಳುವುದು ಬೇಡ. ಅಮ್ಮನಿಗೆ ಹುಷಾರಿಲ್ಲ ಎಂದು ನಿನಗೆ ತಂತಿ ಕೊಡುತ್ತೇನೆ, ನೀನು ಹೊರಟು ಬಾ. ಶಿವಮೊಗ್ಗದಲ್ಲಿ ಕಾಯುತ್ತೇನೆ. ಮೂರು ದಿನ ನೀನೂ ನಾನೂ ಇಬ್ಬರೇ ಮಾತಾಡುತ್ತ ಕೂರೋಣ.

ರುದ್ರಾಣಿ


ಜಗಳೂರು
8 ಮಾರ್ಚ್ 1984

ರುದ್ರಿ,

ಎರಡೂ ಕಾಗದ ತಲುಪಿವೆ. ಸಿಟ್ಟಿಲ್ಲ. ನಿನ್ನ ದೊಡ್ಡ ಕಾಗದ ಓದಿ ನಿನಗೆ ನಿಜ ಬರೆಯಬೇಕು ಎನ್ನಿಸಿತು. ಆದರೆ ನಿಜ ಬರೆದರೆ ನಿನಗೆ ನೋವಾಗುತ್ತದೆ. ಅದಕ್ಕೇ ತಡವಾಯಿತು. ಸುಳ್ಳು ತಂತಿ ಕೊಡುತ್ತೇನೆ ಎಂದು ಬರೆದಮೇಲೆ ಇನ್ನು ಸುಮ್ಮನಿರಬಾರದು.

ನನ್ನನ್ನು ಯಾರೂ ಬಿಟ್ಟು ಹೋಗಲಿಲ್ಲ. ನಾನು ಉಳಿದುಕೊಂಡೆ. ಹತ್ತಿಬೀಜ ಮುಂದಿಟ್ಟರೆ ಆ ಎಮ್ಮೆ ಯಾರಿಗೆ ಬೇಕಾದರೂ ಹಾಲು ಕೊಡುತ್ತದೆ. ಪಕ್ಕದ ಮನೆಯ ದುರುಗಕ್ಕ ತಾನೇ ಬಂದು, "ನಾನು ಕರ್ಕಂತೀನಿ, ದೀಪಾನೂ ಹಚ್ತೀನಿ, ನೀ ಹೋಗಿ ಬಾರವ್ವ" ಎಂದಳು. ಬೇಡ ಎಂದೆ.

ಅತ್ತೆಗೆ ನೀವೂ ಬರ್ರಿ ಅಂದಿದ್ದು ಮರ್ಯಾದೆಗೆ. ಅವರು ಬರುತ್ತೇನೆ ಎಂದಾಗ ನನಗೂ ಎರಡು ದಿನ ಯಾರ ಜೊತೆಯೂ ಮಾತು ಬೇಡವಾಗಿತ್ತು. ಮೂರನೇ ದಿನ ಕಣ ಗುಡಿಸುತ್ತಿದ್ದಾಗ ಲೆಕ್ಕ ಹಾಕಿದೆ. ಅತ್ತೆ ಹೊರಟರು, ಮಕ್ಕಳು ಹೊರಟರು, ಇನ್ನು ಮನೆಯಲ್ಲಿ ಯಾರು? ಅವತ್ತು ರಾತ್ರಿ ಇವರಿಗೆ ಬಡಿಸುವಾಗ ನಾನೇ ನೀವೂ ಬರ್ರಿ ಎಂದೆ. ಅದು ಮರ್ಯಾದೆಗಲ್ಲ. ಅವರನ್ನು ಯಾರು ಕರೆದರು ಎಂದು ನೀನು ಕೇಳಿದ್ದೆಯಲ್ಲ.

ಎಲ್ಲರನ್ನೂ ಬಸ್ಸು ಹತ್ತಿಸಿ ಬಂದು ಬಾಗಿಲು ಹಾಕಿದೆ. ಹಗಲು ಹೊತ್ತಿನಲ್ಲಿ ಈ ಮನೆಯ ಬಾಗಿಲು ಹಾಕಿದ್ದನ್ನು ನಾನು ನೋಡಿರಲಿಲ್ಲ. ಒಲೆ ಹಚ್ಚಲಿಲ್ಲ. ಉಳಿದ ಮುರುಕು ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ತಿಂದೆ. ಹಾಲು ಕರೆದು, ಕರುವಿಗೆ ಬಿಟ್ಟು, ಮತ್ತೆ ಮಲಗಿದೆ. ಎದ್ದಾಗ ಹೊತ್ತೆಷ್ಟು ಎಂದು ಗೊತ್ತಾಗಲಿಲ್ಲ, ತಿಳಿಯಬೇಕು ಎಂದೂ ಅನ್ನಿಸಲಿಲ್ಲ. ಮಾರನೇ ದಿನ ಮಧ್ಯಾಹ್ನ ನಡುಮನೆಯಲ್ಲಿ ಕಂಬಕ್ಕೆ ಒರಗಿ, ಬಾಗಿಲ ಕಡೆಗೆ ಕಾಲು ಚಾಚಿ ಕೂತೆ. ಬೆಳಕಿಂಡಿಯ ಬಿಸಿಲು ಬೀಸುವ ಕಲ್ಲಿನ ಮೇಲಿತ್ತು. ನೋಡುತ್ತ ನೋಡುತ್ತ ಜೋಳ ತುಂಬಿದ ಹಗೇವಿನ ಮುಚ್ಚಳದ ಹತ್ತಿರ ಬಂತು. ಅದು ದಿನಾ ಹಾಗೇ ಬರುತ್ತಿತ್ತೇನೋ. ದುರುಗಕ್ಕ ಬಂದು ಬಾಗಿಲು ಬಡಿದಳು. ಓಗೊಡಲಿಲ್ಲ. ಪಾಪ, ಮಲಗಿದಾಳೆ ಎಂದುಕೊಂಡು ಹೋದಳು.

ನಾನೇನೂ ಯೋಚಿಸಲಿಲ್ಲ ರುದ್ರಿ. ನೀನಾಗಿದ್ದರೆ ಏನಾದರೂ ಯೋಚಿಸುತ್ತಿದ್ದೆ. ನನಗೆ ಸುಮ್ಮನೆ ಕೂರಬೇಕಾಗಿತ್ತು, ಕೂತೆ. ಕೊನೆಯ ದಿನ ಮಕ್ಕಳ ದನಿ ಕೇಳಿದಾಗ ಸಂತೋಷವೂ ಆಯಿತು. ಓಡಿಹೋಗಿ ಬಾಗಿಲು ತೆಗೆದೆ.

ಇನ್ನೊಂದು ಮಾತು. ಇದಕ್ಕೇ ತಡಮಾಡಿದ್ದು. ನಾವಿಬ್ಬರೇ ಹೋಗಿದ್ದರೂ ನನಗೆ ಇದು ಸಿಗುತ್ತಿರಲಿಲ್ಲ. ನೀನು ವರ್ಷದ ಮಾತು ಕೂಡಿಟ್ಟುಕೊಂಡು ಬರುತ್ತಿದ್ದೆ. ನಾನು ಕೇಳಬೇಕಾಗುತ್ತಿತ್ತು. ಸಮುದ್ರ ನೋಡಿ ನಾನೇನು ಅನ್ನುತ್ತೇನೆ ಎಂದು ನನ್ನ ಮುಖ ನೋಡುತ್ತ ಕೂತಿರುತ್ತಿದ್ದೆ. ನಿನ್ನ ಮಾತು ಬೇಡ ಎಂದಲ್ಲ. ಆ ಮೂರು ದಿನಕ್ಕೆ ಬೇಡವಾಗಿತ್ತು.

ನಿನ್ನನ್ನು ನನ್ನ ಜಾಗಕ್ಕೆ ಕಳಿಸಿ ನಾನಿಲ್ಲಿ ಕೂತೆ. ಜ್ವರ ಬಂತು ಎಂದು ಓದಿದಾಗ ಊಟ ಬಿಟ್ಟು ಎದ್ದೆ. ಆದರೂ ಮತ್ತೆ ಕೇಳಿದರೆ ನಾನು ಹಾಗೇ ಮಾಡುತ್ತೇನೆ. ಇದನ್ನು ನಿನಗಲ್ಲದೆ ಬೇರೆ ಯಾರಿಗೆ ಹೇಳಲಿ?

ತಂತಿ ಕೊಡಬೇಡ.

ಪ್ರೇಮಾ


ಚನ್ನಗಿರಿ
10 ಏಪ್ರಿಲ್ 1984

ಅಕ್ಕಾ,

ನಿನ್ನ ಕಾಗದ ಬಂದ ದಿನ ಓದಿ ಮಡಚಿಟ್ಟೆ. ಹದಿನೈದು ದಿನ ಮತ್ತೆ ತೆಗೆಯಲಿಲ್ಲ. ಸುಳ್ಳು ಹೇಳುವುದಿಲ್ಲ, ನೋವಾಯಿತು. ನಿನ್ನ ಮಾತು ಬೇಡವಾಗಿತ್ತು ಎಂಬ ಸಾಲಷ್ಟೇ ಕಣ್ಣ ಮುಂದೆ ನಿಂತಿತ್ತು. ನಿನಗಾಗಿ ಎಂದು ನಾನು ಹಾಕಿದ ಲೆಕ್ಕದಲ್ಲಿ ನನ್ನ ಆಸೆಯನ್ನೇ ಹೆಚ್ಚು ಹಿಡಿದಿದ್ದೆನೇನೋ.

ಯುಗಾದಿಗೆ ಉಡಚಮ್ಮ ನ್ಯಾಮತಿಯಿಂದ ಬಂದಿದ್ದರು, ಮೈದುನನ ಮಗನ ವಿಷಯಕ್ಕೆ. ಹುಡುಗಿ ಬಾಯಿಲ್ಲದೋಳು, ಮನೆ ತುಂಬಾ ಜನ ಇದ್ರೂ ನಿಭಾಯಿಸ್ತಾಳೆ ಎಂದು ಅಮ್ಮನ ಹತ್ತಿರ ಹೇಳುತ್ತಿದ್ದರು. ನಾನು ಕಾಫಿ ತಂದಿಟ್ಟೆ. ಈ ವರ್ಷ ನನಗೆ ಮದುವೆ ಬೇಡ ಎಂದೆ. ಗಟ್ಟಿಯಾಗಿ ಏನೂ ಅಲ್ಲ. ಆದರೂ ಎಲ್ಲರಿಗೂ ಕೇಳಿಸಿತು. ಉಡಚಮ್ಮ ಕಾಫಿ ಕುಡಿಯದೆ ಎದ್ದರು. ಅಮ್ಮ ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ.

ಅವತ್ತು ಸಂಜೆ ನಿನ್ನ ಕಾಗದ ಮತ್ತೆ ತೆಗೆದೆ. ಆ ಸಾಲನ್ನು ದಾಟಿ ಓದಲು ಆಯಿತು. ಕಾಲು ಚಾಚಿ ಕೂತದ್ದನ್ನು ಎರಡು ಸಲ ಓದಿದೆ.

ಮಾವನಿಗೆ ನಾನೇ ಹೇಳಿದ್ದೇನೆ. ಮುಂದಿನ ಜನವರಿಗೆ ಗೋಕರ್ಣ, ಮುರುಡೇಶ್ವರ, ಬರುವಾಗ ಜೋಗ. ನಾಲ್ಕು ದಿನ ಎಂದ, ನಾನು ಐದು ಮಾಡಿಸಿದೆ. ಜಂಪಣ್ಣ ಡೀಸೆಲ್ ಏರಿದೆ ಎಂದು ನೂರು ಹೆಚ್ಚಿಗೆ ಕೇಳುತ್ತಿದ್ದಾನೆ. ಈ ಸಲ ಅಡುಗೆಗೆ ಒಬ್ಬ ಭಟ್ಟ ಬರಲೇಬೇಕು, ಇಲ್ಲದಿದ್ದರೆ ನಾನು ಬರುವುದಿಲ್ಲ ಎಂದೆ. ಅದಕ್ಕೆ ನನ್ನ ನೂರೈವತ್ತು ಕೊಡುತ್ತೇನೆ. ಮಾವ, ಬಿ.ಎ. ಈಗ ಹೊರಗೆ ಬರಾಕೆ ಹತ್ತಿತು ಎಂದ. ಎಲ್ಲ ಸೇರಿಸಿ ತಲೆಗೆ ನೂರಾ ಇಪ್ಪತ್ತು ಬರುತ್ತದೆ. ನಿನ್ನ ತಲೆಯನ್ನು ಹಿಡಿದಿಲ್ಲ.

ನಿಮ್ಮತ್ತೆಯನ್ನು ನಾನು ನೋಡಿಕೊಳ್ಳುತ್ತೇನೆ. ಭಾವ ಬರುವ ಹಾಗೆ ಅಪ್ಪನಿಂದ ಹೇಳಿಸುತ್ತೇನೆ. ರೊಟ್ಟಿ ಬಡಿಯಬೇಡ, ಅಷ್ಟರಲ್ಲಿ ಸಿಟ್ಟು ಇಳಿದಿರುತ್ತದೆ, ನ್ಯಾಮತಿಯವರು ತರಲಿ. ಎಮ್ಮೆ ಬತ್ತಿದ್ದರೆ ಬೇರೆ ಯಾವ ನೆಪವಾದರೂ ಆದೀತು, ಮೊದಲೇ ಯೋಚಿಸಿಟ್ಟುಕೋ.

ಹೋದ ಕಡೆಯಿಂದ ನಾನು ನಿನಗೆ ಕಾರ್ಡು ಹಾಕುವುದಿಲ್ಲ. ಆ ಐದು ದಿನ ನೀನು ನನಗೂ ಬರೆಯಬೇಡ.

ರುದ್ರಾಣಿ